ಬೆಂಕಿ ಚಿಪ್ಪಿನ ಹಾಸಿನ ಮೇಲೆ ನಮ್ಮ ಹಗ್ಗ

ಅಂಜನಾಪುರ

ಸಮುದ್ರದ ತಳಕ್ಕೆ ಕ್ಯಾಮೆರಾ ಇಳಿಸುವ ಮೊದಲು ನಾನು ಇಳಿಸಿದ್ದೆಲ್ಲ ಬೋರ್‌ವೆಲ್‌ಗೆ. ನನ್ನ ಸೋದರಮಾವ ಮಹದೇವಪ್ಪನವರ ಕೆಲಸವೇ ಅದು. ಅಂಜನಾಪುರ, ಸುಬ್ರಹ್ಮಣ್ಯಪುರ, ಉತ್ತರಹಳ್ಳಿ ಕಡೆ ಯಾರ ಮನೆಯ ಬೋರ್ ಕೈಕೊಟ್ಟರೂ ಮಾವ ಹೋಗಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುತ್ತಾರೆ. ರಾಟೆಯ ಮೇಲಿಂದ ಕ್ಯಾಮೆರಾ ಬಿಟ್ಟು, ಎಷ್ಟು ಅಡಿಯಲ್ಲಿ ಪೈಪು ಒಡೆದಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂದು ಮನೆಯವರಿಗೆ ಪರದೆಯಲ್ಲಿ ತೋರಿಸುತ್ತಾರೆ. ಬಿ.ಕಾಂ. ಮುಗಿಸಿ ಮುಂದೇನು ಎಂದು ಗೊತ್ತಿಲ್ಲದೆ ಕೂತಿದ್ದ ನಾನು ಕೇಬಲ್ ಸುತ್ತಲು ಅವರ ಜೊತೆ ಹೋಗುತ್ತಿದ್ದೆ. ಒಂದು ದಿನ ಕನಕಪುರ ರಸ್ತೆಯ ಹಳೆಯ ಬಾವಿಯೊಂದರಲ್ಲಿ, ಕ್ಯಾಮೆರಾದ ಬೆಳಕಿನ ಮುಂದೆ, ಬೆಳ್ಳಗಿನ ಪುಟಾಣಿ ಸಿಗಡಿಯಂಥದ್ದೊಂದು ಈಜಿಕೊಂಡು ಹೋಯಿತು. ಮನೆಯವರಿಗೆ ನೀರು ಬೇಕಿತ್ತು, ನನಗೆ ಆ ಸಿಗಡಿ ಬೇಕಿತ್ತು. ಅಲ್ಲಿಂದ ಶುರುವಾಯಿತು ಈ ಹುಚ್ಚು.

ಓದಿದ್ದು ಇಂಟರ್ನೆಟ್ಟಿನಲ್ಲಿ, ಕಲಿತದ್ದು ಕೈ ಸುಟ್ಟುಕೊಂಡು. ಏಳು ತಿಂಗಳು ಕೂತು, ಬೂದು ಬಣ್ಣದ ಪಿವಿಸಿ ಪೈಪು, ದಪ್ಪ ಅಕ್ರಿಲಿಕ್ ಗಾಜು, ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು ಸೇರಿಸಿ ನೀರೊಳಗಿನ ಕ್ಯಾಮೆರಾ ಒಂದನ್ನು ಮಾಡಿದೆ. ಪರೀಕ್ಷೆ ಮಾಡಿದ್ದು ನಮ್ಮ ಮನೆಯ ಸಂಪಿನಲ್ಲಿ. ಅದರ ವಿಡಿಯೋಗಳನ್ನು ನೋಡಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಹಳ್ಳಿಯವರು ಪತ್ರ ಬರೆದರು. ಅವರ ಕ್ಯಾಮೆರಾದೊಳಗೆ ನೀರು ನುಗ್ಗಿ ಹಾಳಾಗಿದೆಯಂತೆ, ನಿನ್ನದನ್ನು ತರುತ್ತೀಯಾ ಎಂದು.

ಅಮ್ಮ ಒಂದೇ ಮಾತು ಹೇಳಿದಳು. "ಒಬ್ಳನ್ನೇ ಕಳ್ಸಲ್ಲ. ನಿಮ್ ಮಾವ ಬಂದ್ರೆ ಹೋಗು."

ಮಾವ ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಅವರು ಆಗಲೇ ಮಂಕಿ ಕ್ಯಾಪ್ ಹುಡುಕುತ್ತಿದ್ದರು.

ಗ್ಲಾಸ್ಗೋ

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದರು. ನಮ್ಮ ಕ್ಯಾಮೆರಾ ನೋಡುವುದಕ್ಕೆ ಹೇಗಿದೆ ಎಂದು ನನಗೆ ಆವತ್ತೇ ಅರ್ಥವಾಗಿದ್ದು: ಒಂದು ಪೈಪು, ಎರಡೂ ಕಡೆ ಮುಚ್ಚಳ, ಒಳಗೆ ವೈರು.

"ಯಾವ ಕಂಪನಿಯದ್ದು?" ಎಂದು ಅಧಿಕಾರಿ ಕೇಳಿದ.

"ನಾನೇ ಮಾಡಿದ್ದು ಸಾರ್."

ಅವನ ಮುಖ ಬದಲಾಯಿತು. ಇನ್ನೂ ಇಬ್ಬರು ಬಂದರು. ಮಾವ ಕಿವಿಯ ಹತ್ತಿರ ಬಂದು, "ಯಾಕಮ್ಮ ನಿಜ ಹೇಳಕ್ಕೋದೆ? ಯಾವ್ದಾದ್ರೂ ಒಂದ್ ಕಂಪ್ನಿ ಹೆಸ್ರು ಹೇಳ್ಬಾರ್ದಿತ್ತಾ?" ಎಂದರು.

ಮುಕ್ಕಾಲು ಗಂಟೆ ನಿಲ್ಲಿಸಿದರು. ಕೊನೆಗೆ ನಾನು ಫೋನಿನಲ್ಲಿ ಸಂಪಿನ ವಿಡಿಯೋ ತೋರಿಸಿದೆ. ಪಾಚಿ, ಪೈಪಿನ ಬಾಯಿ, ಆಮೇಲೆ ಲೆನ್ಸಿನ ಮುಂದೆ ಕೈಕಾಲು ಬಡಿಯುತ್ತಾ ಒಂದು ಜಿರಲೆ. ಮೂವರೂ ಬಗ್ಗಿ ನೋಡಿದರು. "ಇದು ಬದುಕಿತಾ?" ಎಂದು ಒಬ್ಬ ಕೇಳಿದ. ಬದುಕಿತು ಎಂದೆ. ಪೆಟ್ಟಿಗೆ ಮುಚ್ಚಿ ಕೊಟ್ಟರು.

ಹಳ್ಳಿ

ಹಳ್ಳಿಯ ಹೆಸರು ಬರೆಯಬೇಡ ಎಂದು ಕೇಳಿಕೊಂಡಿದ್ದಾರೆ. ಅಲ್ಲಿನ ಕಡಲತಳದಲ್ಲಿ ಏನಿದೆ ಎಂದು ತಿಳಿದು ಜನ ನುಗ್ಗಿಯಾರು ಎಂಬ ಹೆದರಿಕೆ ಅವರಿಗೆ. ಅಲ್ಲಿಯವರ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಥವಾದದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ನಿಲ್ದಾಣದಿಂದ ನಮ್ಮನ್ನು ಕರೆದುಕೊಂಡು ಹೋದವರು ಕ್ಯಾಲಮ್, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾರೊಂದೇ ಹೋಗಬಹುದಾದಷ್ಟು ಕಿರಿದಾದ ರಸ್ತೆ. ಎದುರಿಗೆ ವಾಹನ ಬಂದರೆ ಯಾರಾದರೊಬ್ಬರು ಪಕ್ಕಕ್ಕೆ ಸರಿದು ಕಾಯುತ್ತಾರೆ, ದಾಟುವವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಹಾರ್ನ್ ಇಲ್ಲ, ಬೈಗುಳ ಇಲ್ಲ. ಬನಶಂಕರಿ ಬಸ್ ಸ್ಟ್ಯಾಂಡಿನ ಮುಂದೆ ಇಪ್ಪತ್ತು ವರ್ಷ ಗಾಡಿ ಓಡಿಸಿದ ಮಾವನಿಗೆ ಇದು ನಂಬುವ ಹಾಗಿರಲಿಲ್ಲ. ಮೊದಲು ಅವರೂ ಒಂದು ಬೆರಳು ಎತ್ತಿದರು. ಆಮೇಲೆ ಪೂರ್ತಿ ಕೈ. ಹಳ್ಳಿ ತಲುಪುವ ಹೊತ್ತಿಗೆ ಎದುರಿಗೆ ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು.

ನಾವು ಉಳಿದುಕೊಂಡದ್ದು ಮೋರಾಗ್ ಎಂಬಾಕೆಯ ಮನೆಯಲ್ಲಿ. ಅರವತ್ತು ದಾಟಿದ ಹೆಂಗಸು, ಒಬ್ಬಳೇ ಸಣ್ಣ ದೋಣಿ ನಡೆಸುತ್ತಾಳೆ. ಸಮುದ್ರದ ತಳಕ್ಕೆ ಬುಟ್ಟಿಗಳನ್ನು ಇಳಿಸಿ ಸಿಗಡಿ ಹಿಡಿಯುವುದು ಅವಳ ಜೀವನ. ನಾವು ಮೀನು ಮುಟ್ಟುವುದಿಲ್ಲ ಎಂದು ತಿಳಿದಾಗ ಅವಳು, "ಹಾಗಾದ್ರೆ ಆಲೂಗಡ್ಡೆ," ಎಂದಳು. ಐದೂ ದಿನ ಆಲೂಗಡ್ಡೆಯೇ. ಸಂಜೆ ಐದೂವರೆಗೆ ರಾತ್ರಿಯೂಟ ಮುಗಿಯುತ್ತಿತ್ತು, ಹತ್ತು ಗಂಟೆಯಾದರೂ ಬೆಳಕಿರುತ್ತಿತ್ತು. "ಸೂರ್ಯನೇ ಮುಳುಗ್ದಿದ್ರೆ ಸಂಜೆ ಪೂಜೆಗೆ ಯಾವಾಗ್ ಕೂರೋದು?" ಎಂದು ಮಾವ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದರು.

ಮೊದಲ ಸಂಜೆಯೇ ಕ್ಯಾಲಮ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದರು. ಕಡಲು ಗುಡ್ಡಗಳ ನಡುವೆ ನುಗ್ಗಿ ಕಿರಿದಾಗುವ ಜಾಗದಲ್ಲಿ, ಸುಮಾರು ಎಂಬತ್ತು ಅಡಿ ಆಳದಲ್ಲಿ, ಬೆಂಕಿ ಚಿಪ್ಪು ಎಂಬ ಜೀವಿಗಳ ಒಂದು ಹಾಸು ಇದೆ. ಅಂಗೈಗಿಂತ ಚಿಕ್ಕ ಚಿಪ್ಪು, ಅದರ ಬಾಯಿಂದ ಬೆಂಕಿಯ ನಾಲಿಗೆಗಳಂಥ ಕೆಂಪು ಎಳೆಗಳು. ಒಂದೊಂದೂ ದಾರ ಸ್ರವಿಸಿ ಕಲ್ಲು, ಮರಳು, ಒಡಕು ಚಿಪ್ಪುಗಳನ್ನು ಹೆಣೆದು ಗೂಡು ಕಟ್ಟುತ್ತದೆ. ಗೂಡಿಗೆ ಗೂಡು ಸೇರಿ ಕಂಬಳಿಯಾಗುತ್ತದೆ. ಆ ಕಂಬಳಿಯ ಮೇಲೆ ಮೀನಿನ ಮರಿಗಳು, ನಕ್ಷತ್ರಮೀನು, ಹುಳು, ಏಡಿ, ಎಲ್ಲದರ ಸಂಸಾರ.

"ದೊಡ್ಡ ದೋಣಿಗಳು ಕಬ್ಬಿಣದ ಹಲ್ಲಿರೋ ಬಲೆ ಎಳೀತಾವೆ," ಕ್ಯಾಲಮ್ ಹೇಳಿದರು. "ಒಂದು ಸಲ ಎಳೆದ್ರೆ ಕಂಬಳಿ ಹೋಯ್ತು. ಆ ಜಾಗ ಮುಚ್ಚಿ ಅಂತ ನಾವು ಅರ್ಜಿ ಕೊಟ್ಟಿದೀವಿ. ಹಾಸು ಇನ್ನೂ ಜೀವಂತ ಇದೆ ಅಂತ ಹೊಸ ವಿಡಿಯೋ ತೋರಿಸಿ, ಇಲ್ಲದಿದ್ರೆ ಅರ್ಜಿ ತಳ್ಳಿಹಾಕ್ತೀವಿ ಅಂದಿದಾರೆ. ಸಭೆ ಶುಕ್ರವಾರ."

ಅಂದು ಸೋಮವಾರ. ಆ ಕಿರಿದಾದ ಜಾಗದಲ್ಲಿ ನೀರು ಹೊಳೆಯಂತೆ ಓಡುತ್ತದೆ. ಉಬ್ಬರ ಇಳಿತಗಳ ನಡುವೆ ಇಪ್ಪತ್ತು ನಿಮಿಷ ಮಾತ್ರ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಏಳುವುದರಿಂದ ನಮಗೆ ದಕ್ಕುವುದು ದಿನಕ್ಕೊಂದು ಸಲ. ಮೂರು ದಿನ, ಮೂರು ಇಪ್ಪತ್ತು ನಿಮಿಷ.

ಮಂಗಳವಾರ

ದೋಣಿ ಹತ್ತಿದ ಮೇಲೆ ಮೋರಾಗ್ ಒಂದೇ ಒಂದು ನಿಯಮ ಹೇಳಿದಳು. ಹಗ್ಗದ ತುದಿಗೆ ಕಿತ್ತಳೆ ಬಣ್ಣದ ತೇಲುಗುಂಡು ಕಟ್ಟಿತ್ತು. ಅದನ್ನು ತೋರಿಸಿ, "ಈ ತುದಿ ದೋಣಿಗೆ ಕಟ್ಟೋ ಹಾಗಿಲ್ಲ. ಕ್ಯಾಮೆರಾ ಕೆಳಗೆ ಸಿಕ್ಕಾಕೊಂಡ್ರೆ ಗುಂಡು ನೀರಿಗೆ ಎಸೀರಿ. ಅದು ತೇಲುತ್ತೆ, ಆಮೇಲೆ ಬಂದು ತಗೊಳೋಣ. ಕಟ್ಟಿದ್ರೆ ಕ್ಯಾಮೆರಾ ದೋಣಿನೇ ಕೆಳಗೆ ಎಳೆಯುತ್ತೆ," ಎಂದಳು.

ನಾನು ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ಮೋರಾಗ್ ಕಡೆ ನೋಡಿ ನಗುತ್ತಾ "ನೋ ಪ್ರಾಬ್ಲಂ ಮೇಡಂ" ಎಂದು, ನನ್ನ ಕಡೆ ತಿರುಗಿ, "ತುದಿ ಕಟ್ದೆ ಇಳ್ಸೋದಾ? ತಲೆ ಸರಿಗಿದ್ಯಾ ಇವ್ರಿಗೆ?" ಎಂದರು.

ಅವರ ಸಂಕಟ ನನಗೆ ಗೊತ್ತಿತ್ತು. ಬೋರ್‌ವೆಲ್ ಕೆಲಸದಲ್ಲಿ ಕ್ಯಾಮೆರಾ ಪೈಪಿನ ಬಾಯಿ ಮುಟ್ಟುವ ಮೊದಲು ಹಗ್ಗದ ತುದಿ ಸ್ಟ್ಯಾಂಡಿನ ಕಾಲಿಗೆ ಬಿಗಿಯಬೇಕು. ಒಮ್ಮೆ ಮರೆತದ್ದಕ್ಕೆ ಅವರ ಮೊದಲ ಕ್ಯಾಮೆರಾ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಹಿತ್ತಲಲ್ಲಿ ಆರುನೂರು ಅಡಿ ಕೆಳಗೆ ಇವತ್ತಿಗೂ ಬಿದ್ದಿದೆ.

ಆ ದಿನ ಹಾಸು ಸಿಗಲಿಲ್ಲ. ಕೇಬಲ್ ಮೂಲಕ ಮೇಲಿನ ಸಣ್ಣ ಪರದೆಗೆ ಮಸುಕು ಚಿತ್ರ ಮಾತ್ರ ಬರುತ್ತದೆ, ಸ್ಪಷ್ಟ ವಿಡಿಯೋ ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ ಉಳಿಯುತ್ತದೆ. ಪರದೆಯ ತುಂಬ ಕೆಸರು, ಕೆಸರಿನಲ್ಲಿ ಬಿಲ, ಬಿಲದಿಂದ ಇಣುಕುವ ಸಿಗಡಿಯ ಇಕ್ಕಳ. ನನಗೆ ಅದೇ ಸ್ವರ್ಗ. ಕ್ಯಾಲಮ್ ಮಾತ್ರ ಗಡಿಯಾರ ನೋಡುತ್ತಿದ್ದರು. ಇಪ್ಪತ್ತು ನಿಮಿಷ ಮುಗಿಯಿತು.

ಬುಧವಾರ

ದಡದಲ್ಲೇ ನನ್ನ ಕಣ್ಣಿಗೆ ಬಿತ್ತು. ಸೀಟಿನ ಕೆಳಗಿನ ಕಬ್ಬಿಣದ ಬಳೆಯಿಂದ ಒಂದು ತೆಳು ಬಿಳಿ ನೈಲಾನ್ ದಾರ ಹೊರಟು ನಮ್ಮ ಹಗ್ಗಕ್ಕೆ ಸೇರಿತ್ತು. ಅದರ ಮೇಲೆ ಮಾವನ ಜರ್ಕಿನ್ ಮುಚ್ಚಿತ್ತು. ನಾನು ಮಾವನ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಏಳು ತಿಂಗಳ ಕೆಲಸ ಒಂದು ಪ್ಲಾಸ್ಟಿಕ್ ಗುಂಡಿನ ನಂಬಿಕೆಯಲ್ಲಿ ಹೋಗುವುದು ನನಗೂ ಇಷ್ಟವಿರಲಿಲ್ಲ. ಜರ್ಕಿನ್ ಸರಿಯಾಗಿ ಮುಚ್ಚಿ ಕೂತೆ.

ನೀರು ನಿಂತಿತು. ಮೋರಾಗ್ ಎಂಜಿನ್ ಆರಿಸಿದಳು. ನಾನು ಹಗ್ಗ ಬಿಡುತ್ತಾ ಹೋದೆ, ಮಾವ ಪರದೆ ಹಿಡಿದರು. ಮರಳು, ಮರಳು, ಒಂದು ಬೂದು ಕಲ್ಲು, ಆಮೇಲೆ ನೆಲವೇ ಬೇರೆಯಾಯಿತು. ಉಬ್ಬು ತಗ್ಗಿನ, ರಂಧ್ರಗಳಿರುವ, ಹೆಣೆದಂಥ ನೆಲ. ಒಂದು ರಂಧ್ರದಿಂದ ಕೆಂಪಗೆ ಏನೋ ಅಲುಗಿತು.

ಕ್ಯಾಲಮ್ ನನ್ನ ಭುಜ ಹಿಡಿದರು. "ಅಲ್ಲೇ ನಿಲ್ಸು. ಅಲುಗಿಸ್ಬೇಡ."

ಎರಡು ನಿಮಿಷ ಕ್ಯಾಮೆರಾ ಅಲ್ಲೇ ನಿಂತಿತು. ಮೂರನೆಯ ನಿಮಿಷಕ್ಕೆ ಪರದೆಯ ಚಿತ್ರ ವಾಲಿತು. ಕೆಳಗೆ ಯಾರೋ ಯಾವತ್ತೋ ಕಳೆದುಕೊಂಡ ಬುಟ್ಟಿಯ ಹಳೆಯ ಹಗ್ಗ ಬಿದ್ದಿತ್ತು, ಚೌಕಟ್ಟಿನ ಕಾಲು ಅದರೊಳಗೆ ಹೋಗಿತ್ತು. ಎಳೆದೆ, ಬರಲಿಲ್ಲ. ಅಷ್ಟರಲ್ಲಿ ದೋಣಿ ನಿಧಾನವಾಗಿ ಪಕ್ಕಕ್ಕೆ ಸರಿಯತೊಡಗಿತು. ನೀರು ಅಂದುಕೊಂಡದ್ದಕ್ಕಿಂತ ಬೇಗ ತಿರುಗಿತ್ತು.

"ಬಿಡು," ಎಂದಳು ಮೋರಾಗ್. "ಗುಂಡು ಎಸಿ."

ಎಸೆದೆ. ಹಗ್ಗ ಓಡಿತು, ಓಡಿತು, ಟಕ್ ಎಂದು ನಿಂತಿತು. ಸೀಟಿನ ಕೆಳಗಿನ ಬಳೆ ಕಿರುಗುಟ್ಟಿತು. ದೋಣಿಯ ಹಿಂಭಾಗ ಒಂದು ಕಡೆ ಕುಸಿದು, ಅಂಚಿನ ಮೇಲಿಂದ ತಣ್ಣನೆ ನೀರು ನನ್ನ ಮೊಣಕಾಲಿಗೆ ಬಂತು. ಪರದೆಯಲ್ಲಿ ನೆಲ ಓಡುತ್ತಿತ್ತು, ದೋಣಿ ಕ್ಯಾಮೆರಾವನ್ನು ಎಳೆದುಕೊಂಡು ಹೋಗುತ್ತಿತ್ತು. ಚೌಕಟ್ಟಿನ ಕಾಲು ಆ ಕಂಬಳಿಯನ್ನು ಸುಲಿಯುತ್ತಿತ್ತು.

"ಎಲ್ಲಿ ಕಟ್ಟಿದೆ?" ಮೋರಾಗ್ ಕೂಗಲಿಲ್ಲ, ಕೇಳಿದಳು. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಮಾವ ಗಂಟಿಗೆ ಕೈ ಹಾಕಿದರು. ಅಷ್ಟು ಬಿಗಿದ ಗಂಟು ಬಿಚ್ಚುವುದಿಲ್ಲ. "ಪುಟ್ಟಿ, ಬತ್ತಿಲ್ಲ. ಬತ್ತಿಲ್ಲ ಕಣೇ." ನೀರು ಪಾದ ಮುಳುಗಿಸಿತ್ತು. ಮೋರಾಗ್ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ, ಸೀಟಿನ ಕೆಳಗಿನ ದಾರ ಹುಡುಕಲು ಹೊತ್ತಿಲ್ಲದೆ, ದೋಣಿಯ ಅಂಚಿನಲ್ಲೇ ಹಗ್ಗ, ಕೇಬಲ್ ಎರಡನ್ನೂ ಚಾಕುವಿನಿಂದ ಕೊಯ್ದಳು. ದೋಣಿ ಎಗರಿ ನೆಟ್ಟಗಾಯಿತು.

ಪರದೆ ಕಪ್ಪಾಯಿತು. ಕಿತ್ತಳೆ ಗುಂಡು ಮಾತ್ರ ನಮ್ಮ ಪಕ್ಕದಲ್ಲೇ ತೇಲುತ್ತಿತ್ತು, ಮಾವನ ಗಂಟಿಗೆ ಕಟ್ಟಿಕೊಂಡು. ಗಂಟು ಇರದಿದ್ದರೆ ಅದು ಕ್ಯಾಮೆರಾ ಇರುವ ಜಾಗ ತೋರಿಸುತ್ತಾ ಅಲ್ಲೇ ನಿಂತಿರುತ್ತಿತ್ತು.

ದಡಕ್ಕೆ ಬರುವವರೆಗೂ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿದೆವು. ಇಳಿದ ಮೇಲೆ ಮೋರಾಗ್, "ಗಂಟು ಯಾರದ್ದು?" ಎಂದಳು.

ಮಾವ ಎದೆ ಮುಟ್ಟಿಕೊಂಡರು. ನಾನು, "ನಾನು ನೋಡಿದ್ದೆ. ಬೆಳಗ್ಗೆನೇ ನೋಡಿದ್ದೆ," ಎಂದೆ.

"ಕ್ಯಾಮೆರಾ ಹೋದ್ರೆ ಇನ್ನೊಂದು ಮಾಡ್ಬೋದು," ಎಂದಳು. "ನಾಲ್ಕು ಜನ ಇದ್ವಿ." ಅಷ್ಟೇ. ಆವತ್ತೂ ಆಲೂಗಡ್ಡೆ ಬೇಯಿಸಿ ಇಟ್ಟಳು. ತಾನು ನಮ್ಮ ಜೊತೆ ಕೂರಲಿಲ್ಲ.

ಗುರುವಾರ

ತಳಕ್ಕೆ ಮುಳುಗಿ ಕ್ಯಾಮೆರಾ ತೆಗೆದುಕೊಡುವ ಮುಳುಗುಗಾರರು ಯಾರೂ ಶುಕ್ರವಾರದೊಳಗೆ ಸಿಗುವಂತಿರಲಿಲ್ಲ. ಬೆಳಗ್ಗೆ ಮೋರಾಗ್ ಶೆಡ್ಡಿನಿಂದ ಒಂದು ಕಬ್ಬಿಣದ ಸಾಮಾನು ತಂದು ಮೇಜಿನ ಮೇಲಿಟ್ಟಳು. ಸರಪಳಿ, ಅದರ ಸುತ್ತ ಬಾಗಿದ ಕೊಕ್ಕೆಗಳು. ಕಳೆದುಹೋದ ಬುಟ್ಟಿಗಳನ್ನು ಹುಡುಕಿ ತೆಗೆಯಲು.

ಮಾವ ಎದ್ದು ನಿಂತರು. "ಇದು ನಮ್ ಪಾತಾಳಗರಡಿ ಅಲ್ವೇನೇ? ಬಾವಿಗ್ ಬಿದ್ ಬಿಂದಿಗೆ ತೆಗ್ಯೋದು."

"ಇದನ್ನ ತಳದ ಮೇಲೆ ಎಳ್ಕೊಂಡು ಹೋಗ್ತೀವಿ," ಮೋರಾಗ್ ಹೇಳಿದಳು. "ಹಗ್ಗ ಸಿಗೋವರೆಗೂ."

ಕ್ಯಾಲಮ್ ಬೇಡ ಎಂದರು. "ಹಾಸಿನ ಮೇಲೆ ಕೊಕ್ಕೆ ಎಳೆದ್ರೆ ಅವರಿಗೂ ನಮಗೂ ಏನು ವ್ಯತ್ಯಾಸ?"

ವಿಡಿಯೋ ಇಲ್ಲದಿದ್ದರೆ ಅರ್ಜಿ ಇಲ್ಲ, ವಿಡಿಯೋ ಬೇಕೆಂದರೆ ಯಾವುದನ್ನು ಉಳಿಸಬೇಕೋ ಅದನ್ನೇ ಕೀಳಬೇಕು. ನಾನು ಮಾವನಿಗೆ ಬಿಡಿಸಿ ಹೇಳಿದೆ.

"ಎಳ್ಯೋದ್ಯಾಕೆ?" ಎಂದರು ಮಾವ. "ಬೋರಲ್ಲಿ ಎಳ್ಯಕ್ ಜಾಗ ಎಲ್ಲಿರುತ್ತೆ? ನೆಟ್ಟಗೆ ಬಿಡೋದು, ನೆಟ್ಟಗೆ ಎತ್ತೋದು. ಮೇಡಮ್ಮೋರು ದೋಣಿನ ಒಂದೇ ಜಾಗ್ದಲ್ಲಿ ನಿಲ್ಸಲಿ. ನಾನ್ ಇಳಿಸ್ತೀನಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೋರಾಗ್ ಬೂಟು ಹಾಕಿಕೊಂಡಳು.

ಹಗ್ಗ ಕೊಯ್ದ ಜಾಗದ ಗುರುತು ಅವಳ ದೋಣಿಯ ಜಿಪಿಎಸ್ ಯಂತ್ರದಲ್ಲಿತ್ತು. ಎಂಜಿನ್ನನ್ನು ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ಮಾಡುತ್ತಾ ಅವಳು ದೋಣಿಯನ್ನು ಮೊಳೆ ಹೊಡೆದಂತೆ ನಿಲ್ಲಿಸಿದಳು. ಮಾವ ಕೊಕ್ಕೆ ಇಳಿಸಿದರು. ಕೈಗವಸು ತೆಗೆದಿದ್ದರು, ಬೆರಳಿನ ತುದಿಯಿಂದ ಹಗ್ಗ ಮುಟ್ಟಿ ಕೆಳಗಿನದನ್ನು ಕೇಳಿಸಿಕೊಳ್ಳುವವರಂತೆ ಕಣ್ಣು ಮುಚ್ಚಿದ್ದರು. ತಳಕ್ಕೆ ತಾಗುವ ಒಂದು ಗೇಣು ಮೊದಲೇ ನಿಲ್ಲಿಸುವುದು, ತಿರುಗಿಸುವುದು, ಎತ್ತುವುದು. ಒಂದು ಸಲ ಖಾಲಿ. ಎರಡನೆಯ ಸಲ ಖಾಲಿ. ಕ್ಯಾಲಮ್ ನಿಮಿಷ ಎಣಿಸುತ್ತಿದ್ದರು: ಹನ್ನೆರಡು ಉಳಿದಿದೆ, ಒಂಬತ್ತು ಉಳಿದಿದೆ. ಆರನೆಯ ಸಲಕ್ಕೆ ಮಾವನ ಬೆರಳುಗಳು ಈರುಳ್ಳಿಯ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು.

"ನಾಲ್ಕು," ಎಂದರು ಕ್ಯಾಲಮ್.

ಮಾವ ಕಣ್ಣು ತೆರೆಯದೆ, "ಇದ್ಯಮ್ಮ. ಮೆತ್ತಗೆ ಏನೋ ಇದೆ. ನಮ್ ಕೇಬ್ಲೇ ಇರ್ಬೇಕು," ಎಂದರು.

ಇಬ್ಬರೂ ಸೇರಿ ಎಳೆದೆವು. ಕೇಬಲ್ ಬಂತು, ಅದರ ಹಿಂದೆ ನಮ್ಮ ಹಗ್ಗ, ಅದರ ಹಿಂದೆ ಹಳೆಯ ಬುಟ್ಟಿಯ ಹಗ್ಗ ಸುತ್ತಿಕೊಂಡ ಚೌಕಟ್ಟು. ಗಾಜು ಒಡೆದಿರಲಿಲ್ಲ. ಒಂದು ಕಾಲಿನಲ್ಲಿ ಗೂಡಿನ ತುಣುಕೊಂದು ಸಿಕ್ಕಿಕೊಂಡಿತ್ತು. ಕ್ಯಾಲಮ್ ಅದನ್ನು ಎರಡೂ ಕೈಯಲ್ಲಿ ಬಿಡಿಸಿ ನೀರಿಗೆ ಬಿಟ್ಟರು.

ಗುರುವಾರ ಸಂಜೆ, ಮೋರಾಗ್ ಅಡುಗೆಮನೆ

ಕಾರ್ಡು ಸರಿಯಿತ್ತು. ಮೊದಲ ಎರಡು ನಿಮಿಷ ನಾನು ಕನಸಿನಲ್ಲೂ ಕಾಣದಷ್ಟು ಚೆನ್ನಾಗಿತ್ತು. ರಂಧ್ರ ರಂಧ್ರದಿಂದ ಕೆಂಪು ಎಳೆಗಳು ಹೊರಬಂದು ನೀರು ಸವರುತ್ತಿದ್ದವು.

ಆಮೇಲೆ ಎಳೆದಾಟ. ಮುಕ್ಕಾಲು ನಿಮಿಷವೂ ಇಲ್ಲ. ಕಂಬಳಿ ಹರಿದು ಸುರುಳಿಯಾಗುತ್ತದೆ, ಕೆಸರು ಏಳುತ್ತದೆ. ನಾವು ಹಗ್ಗ ಕೊಯ್ದ ಮೇಲೆಯೂ ಕ್ಯಾಮೆರಾ ಚಾಲೂ ಇತ್ತು. ಅದು ಒಂದು ಪಕ್ಕಕ್ಕೆ ಬಿದ್ದು, ಹರಿದ ಜಾಗವನ್ನೇ ನೋಡುತ್ತಾ, ಬ್ಯಾಟರಿ ಸಾಯುವವರೆಗೂ ಚಿತ್ರ ತೆಗೆದಿತ್ತು. ಕೆಸರು ಕೂತಾಗ ಐದು ಚಿಪ್ಪುಗಳು ಬಯಲಿನಲ್ಲಿ ಕಂಡವು. ಅವು ಬಾಯಿ ತೆರೆದು ಮುಚ್ಚಿ, ಚಪ್ಪಾಳೆ ತಟ್ಟಿದಂತೆ ತಟ್ಟಿ, ಗೇಣು ಗೇಣು ಈಜಿದವು. ಎರಡು ಕಂಬಳಿಯ ಹರಿದ ಅಂಚಿನ ಕೆಳಗೆ ನುಸುಳಿದವು. ಒಂದು ಏಡಿ ಬಂತು. ಆಮೇಲೆ ಇನ್ನೊಂದು. ಉಳಿದ ಮೂರು ಇರಲಿಲ್ಲ.

ಮೋರಾಗ್ ಕೆಟಲ್ ಇಡಲು ಎದ್ದಳು. ನಾನು ಮಾವನಿಗೆ ಮೆಲ್ಲಗೆ ಹೇಳಿದೆ, "ಮಾವ, ಮೊದಲ್ನೇ ಎರಡ್ ನಿಮಿಷ ಸಾಕು. ಉಳಿದಿದ್ ಕಟ್ ಮಾಡ್ಬಿಡ್ಲಾ? ಯಾರಿಗೂ ಗೊತ್ತಾಗಲ್ಲ."

"ಬೋರಲ್ಲಿ ನೀರಿಲ್ಲ ಅಂದ್ರೆ ನೀರಿಲ್ಲ ಅಂತ್ಲೇ ತೋರಿಸ್ತೀವಿ," ಎಂದರು ಮಾವ. "ಮನೆಯೋರು ಅಳ್ತಾರೆ ಅಂತ ವಿಡಿಯೋ ಕತ್ತರಿಸ್ತೀವಾ?" ಆಮೇಲೆ, "ಗಂಟು ಮಾವಂದು ಅಂತ ಹೇಳು. ನಿನ್ ಹೆಸ್ರು ಯಾಕೆ ಕೆಡ್ಬೇಕು."

ಕ್ಯಾಲಮ್‌ಗೆ ನಾವು ಏನು ಮಾತಾಡುತ್ತಿದ್ದೇವೆ ಎಂದು ಭಾಷೆ ಬಾರದೆಯೂ ತಿಳಿದಿತ್ತು. "ಪೂರ್ತಿ ತೋರಿಸಿದ್ರೆ, ಹಾಳು ಮಾಡಿದ್ದು ನೀವೇ ಅಂತ ಬಲೆಯವರು ಹೇಳ್ತಾರೆ," ಎಂದರು. "ಅರ್ಜಿ ಬಿದ್ದೂ ಹೋಗ್ಬೋದು."

ಮೋರಾಗ್ ನನ್ನ ಮುಂದೆ ಟೀ ಇಟ್ಟಳು. "ಕ್ಯಾಮೆರಾ ನಿಂದು. ನೀನೇ ಹೇಳು."

ಬೆಳಗಾಗುವವರೆಗೂ ನಾನು ಆ ವಿಡಿಯೋವನ್ನೇ ಮತ್ತೆ ಮತ್ತೆ ನೋಡಿದೆ.

ಶುಕ್ರವಾರ

ಹಳ್ಳಿಯ ಸಭಾಂಗಣದಲ್ಲಿ ಮೂವತ್ತು ಜನವಿದ್ದರೇನೋ. ಸರ್ಕಾರದ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು, ಚಿಕ್ಕ ವಯಸ್ಸಿನವಳೇ, ಕೈಯಲ್ಲಿ ಪೆನ್ನು. ಮುಂದಿನ ಸಾಲಿನಲ್ಲಿ ಬಲೆದೋಣಿಯ ಮಾಲೀಕನೊಬ್ಬ ಕಾಲು ಚಾಚಿ ಟೀ ಕುಡಿಯುತ್ತಿದ್ದ.

ನಾನು ಪೂರ್ತಿ ಹಾಕಿದೆ.

ಮೊದಲ ಎರಡು ನಿಮಿಷಕ್ಕೆ ಜನ ಉಸಿರು ಹಿಡಿದು ನೋಡಿದರು. ಚೌಕಟ್ಟು ಎಳೆಯತೊಡಗಿದಾಗ ಮಾಲೀಕ ಕಾಲು ಒಳಗೆ ಸೇರಿಸಿ ಕೂತ. "ತಡೀರಿ. ಆ ಹಗ್ಗ ಯಾರದ್ದು?"

"ನಮ್ಮದು," ಎಂದೆ. "ದೋಣಿಗೆ ಕಟ್ಟಬಾರದು ಅಂತ ಹೇಳಿದ್ರು. ಕಟ್ಟಿದ್ವಿ. ಹೀಗಾಯ್ತು."

ಅವನು ಹಿಂದಿನವರ ಕಡೆ ತಿರುಗಿ ನಕ್ಕ. "ನೋಡಿದ್ರಲ್ಲ. ಹಾಳು ಮಾಡಿದ್ದು ಇವ್ರೇ."

ಮೋರಾಗ್ ನೆಲ ನೋಡುತ್ತಿದ್ದಳು. ಆ ಅಧಿಕಾರಿ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಏಡಿಗಳು ಬಂದು ಹೋಗುವವರೆಗೂ ಓಡಿಸಿ ನೋಡಿದಳು.

"ಆ ಚೌಕಟ್ಟಿನ ತೂಕ ಎಷ್ಟು?" ನನ್ನನ್ನು ಕೇಳಿದಳು.

"ಹನ್ನೊಂದು ಕೆಜಿ, ಕ್ಯಾಮೆರಾ ಸೇರಿ."

ಅವಳು ಬರೆದುಕೊಂಡು ಮುಂದಿನ ಸಾಲಿನ ಕಡೆ ತಿರುಗಿದಳು. "ನಿಮ್ಮ ಬಲೆಯ ತೂಕ?"

ಮಾಲೀಕ ಟೀ ಕಪ್ಪನ್ನು ಕುರ್ಚಿಯ ಕೆಳಗಿಟ್ಟ. ಅದು ನೂರಾರು ಕೆಜಿ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅವಳು ಉತ್ತರಕ್ಕೆ ಕಾದಳು. ಆಮೇಲೆ ಪೆನ್ನು ಮುಚ್ಚಿ, ಕೊನೆಯ ತೀರ್ಮಾನಕ್ಕೆ ತಿಂಗಳುಗಳು ಬೇಕು, ಅಲ್ಲಿಯವರೆಗೆ ಆ ಜಾಗದಲ್ಲಿ ಯಾರ ಬಲೆಯೂ ಇಳಿಯುವಂತಿಲ್ಲ ಎಂದಳು. ಕ್ಯಾಲಮ್ ಮುಖ ಮುಚ್ಚಿಕೊಂಡರು. ಅವಳು ನನ್ನ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದಳು.

ಮಾವ ನನ್ನ ತೋಳು ಹಿಡಿದು ಎಳೆದರು. "ಏನಂದ್ರು?"

"ಬಲೆ ಬಿಡೋ ಹಾಗಿಲ್ವಂತೆ ಮಾವ. ಕ್ಯಾಮೆರಾನೂ ಬಿಡೋ ಹಾಗಿಲ್ವಂತೆ."

"ನಾವೂನಾ?"

"ನಾವೂ."

ಮಾವ ಪರದೆಯಲ್ಲಿ ನಿಂತಿದ್ದ ಆ ಹರಿದ ನೆಲವನ್ನು ನೋಡಿದರು. ತಲೆಯ ಮಂಕಿ ಕ್ಯಾಪ್ ತೆಗೆದು ಮಡಿಚಿ ಜೇಬಿಗಿಟ್ಟುಕೊಂಡರು.

"ಸರಿಯಾಗೇ ಹೇಳವ್ರೆ ಬಿಡು," ಎಂದರು.